ಪಟ್ಟದ ಬೊಂಬೆಗಳ ಪಕ್ಕ ಗಡ್ಡದ ದೊರೆ

ಪ್ರವಾಸ ಹೋಗಿಬಂದವರು ತರುವ ಉಡುಗೊರೆಗಳೆಂದರೆ ನನಗೆ ಮೊದಲಿನಿಂದಲೂ ಸ್ವಲ್ಪ ಅಂಜಿಕೆ. ತಿನ್ನುವಂಥದ್ದಾದರೆ ಖಾಲಿಯಾಗುತ್ತದೆ, ಉಡುವಂಥದ್ದಾದರೆ ಇನ್ನೊಬ್ಬರಿಗೆ ದಾಟಿಸಬಹುದು. ವಿಗ್ರಹ ಮಾತ್ರ ಮನೆಯವರಲ್ಲಿ ಒಬ್ಬರಾಗಿ ಉಳಿದುಬಿಡುತ್ತದೆ. ಕೊಟ್ಟವರು ಬಂದಾಗಲೆಲ್ಲ ಅದು ಎಲ್ಲಿದೆಯೆಂದು ಕಣ್ಣು ಹಾಯಿಸುತ್ತಾರೆ. ಹೋದ ವರ್ಷ ನವರಾತ್ರಿಗೆ ಸ್ವಲ್ಪ ಮುಂಚೆ, ನನ್ನ ಹೆಂಡತಿ ವಾಣಿಯ ತಮ್ಮ ರಘು ಈಜಿಪ್ಟ್ ನೋಡಿಕೊಂಡು ಬಂದವನು ರಾಮಕೃಷ್ಣನಗರದ ನಮ್ಮ ಮನೆಗೆ ಮೊಳದುದ್ದದ ಪ್ಲಾಸ್ಟರ್ ವಿಗ್ರಹವೊಂದನ್ನು ತಂದುಕೊಟ್ಟ. ಸಿಂಹಾಸನದ ಮೇಲೆ ನೆಟ್ಟಗೆ ಕೂತ ರಾಜ, ತೊಡೆಯ ಮೇಲೆ ಎರಡೂ ಅಂಗೈ, ತಲೆಗೆ ಪಟ್ಟೆಪಟ್ಟೆ ವಸ್ತ್ರ, ಗದ್ದದಿಂದ ಬೆಂಡೆಕಾಯಿಯಂತೆ ಇಳಿಬಿದ್ದ ಗಡ್ಡ.

ಅಮ್ಮ ಅಗ್ರಹಾರದಲ್ಲಿ ಹುಟ್ಟಿ ದರ್ಬಾರಿನ ಕಥೆಗಳನ್ನು ಕೇಳುತ್ತ ಬೆಳೆದವಳು. ರಾಜರೆಂದರೆ ಅವಳಿಗೆ ನೆಂಟರಷ್ಟೇ ಸಲಿಗೆ. ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿ, "ಇದು ಹೆಂಗಸು ಕಣೋ" ಅಂದಳು.

ಗಡ್ಡ ಇದೆಯಲ್ಲಮ್ಮ ಎಂದು ನಕ್ಕೆ.

"ಗಡ್ಡ ಇರ್ಲಿ, ಮುಖ ನೋಡು."

ರಘುವಿಗೆ ಏನೂ ಗೊತ್ತಿರಲಿಲ್ಲ. ಅಂಗಡಿಯಲ್ಲಿ ಅವನ ಗಮನವೆಲ್ಲ ಹೊರಗೆ ಕಾಯುತ್ತಿದ್ದ ಒಂಟೆಯ ಮೇಲಿತ್ತಂತೆ. ವಾಣಿ ವಿಗ್ರಹದ ಬುಡದಲ್ಲಿದ್ದ ಹೆಸರನ್ನು ಮೊಬೈಲಿನಲ್ಲಿ ಹುಡುಕಿದಳು. ಅಮ್ಮ ಹೇಳಿದ್ದೇ ಸರಿ. ಅವಳು ಹತ್‌ಶೆಪ್‌ಸುತ್, ಸುಮಾರು ಮೂರೂವರೆ ಸಾವಿರ ವರ್ಷದ ಹಿಂದಿನವಳು. ಗಂಡ ತೀರಿಕೊಂಡಾಗ ಪಟ್ಟಕ್ಕೆ ಬಂದದ್ದು ಸವತಿಯ ಮಗ, ಇನ್ನೂ ಎಳೆಯ ಮಗು. ಅವನ ಪರವಾಗಿ ರಾಜ್ಯ ನೋಡಿಕೊಳ್ಳುತ್ತಿದ್ದವಳು ಬರಬರುತ್ತ ತಾನೇ ದೊರೆಯಾದಳು. ದೊರೆಯೆಂದ ಮೇಲೆ ಕಟ್ಟುಗಡ್ಡ ಇರಬೇಕೆಂಬುದು ಅಲ್ಲಿನ ಸಂಪ್ರದಾಯ. ಇವಳ ವಿಗ್ರಹಕ್ಕೂ ಬಂತು.

ಅಂದಿನಿಂದ ಅಮ್ಮನಿಗೆ ಬೇರೆ ಯೋಚನೆಯೇ ಇಲ್ಲ. ಹೆಸರು ನಾಲಿಗೆಗೆ ಒಗ್ಗದೆ ಶೆಪ್ಪಮ್ಮ ಎಂದು ಕರೆದಳು. ಶೆಪ್ಪಮ್ಮನಿಗೆ ಮಕ್ಕಳಿದ್ದರೇ, ಗಡ್ಡ ಕಟ್ಟಿಕೊಂಡರೆ ಬೇಸಿಗೆಯಲ್ಲಿ ನವೆಯಾಗುತ್ತಿರಲಿಲ್ಲವೇ, ಹೀಗೆ ಪ್ರತಿ ಕಾಫಿಯ ಜೊತೆಗೂ ಒಂದೊಂದು ಪ್ರಶ್ನೆ. ದೂರದೇಶಕ್ಕೆ ಹಡಗು ಕಳಿಸಿ ಧೂಪದ ಮರಗಳನ್ನು ಬೇರುಸಮೇತ ತರಿಸಿದಳಂತೆ ಎಂದು ಓದಿ ಹೇಳಿದರೆ, ಅವು ಅಲ್ಲಿನ ಮಣ್ಣಿನಲ್ಲಿ ಬದುಕಿದವೇ ಎಂದು ಕೇಳಿದಳು. ಈಜಿಪ್ಟಿನ ತೋಟಗಾರಿಕೆಗೂ ನಾನೇ ಜವಾಬ್ದಾರನೆಂಬಂತೆ ಹುಡುಕುತ್ತ ಕೂತೆ.

ನವರಾತ್ರಿಗೆ ಬೊಂಬೆ ಕೂರಿಸುವಾಗ ನಿಜವಾದ ತೊಂದರೆ ಶುರುವಾಯಿತು. ಮಂಟಪವಿರುವ ಮೇಲಿನ ಮೆಟ್ಟಿಲು ಪಟ್ಟದ ಬೊಂಬೆಗಳದ್ದು; ಮರದ ರಾಜ, ಮರದ ರಾಣಿ. ಗಂಡ ಹೆಂಡತಿಯ ಪಕ್ಕ ಮೂರನೆಯವರು ಬೇಡವೆಂದು ವಾಣಿ. ದೊರೆಯನ್ನು ಕೆಳಗೆ ಅಂಗಡಿ ಹರವಿಕೊಂಡ ಚೆಟ್ಟಿ ದಂಪತಿಯ ಬೊಂಬೆಗಳ ಜೊತೆ ಕೂರಿಸುವುದೆಂತು ಎಂದು ಅಮ್ಮ. ಕೊನೆಗೆ ಅಮ್ಮನೇ ಗೆದ್ದಳು. ಸ್ಟೂಲು ಹತ್ತಿ ವಿಗ್ರಹ ಇಡುವ ಕೆಲಸ ನನ್ನದು. ಇಟ್ಟು ಕೈ ಹಿಂದೆಗೆಯುವಾಗ ಮೊಣಕೈ ತಾಗಿ ವಿಗ್ರಹ ಮಂಟಪದ ಕಮಾನಿಗೆ ಬಡಿಯಿತು. ಗಡ್ಡ ಮುರಿದು ಮೆಟ್ಟಿಲಿನಿಂದ ಮೆಟ್ಟಿಲಿಗೆ ಉರುಳಿ ಅಮ್ಮನ ಕಾಲ ಬಳಿ ನಿಂತಿತು.

ಹೇಗೂ ಹೆಂಗಸು, ಗಡ್ಡ ಇಲ್ಲದಿದ್ದರೇ ಲಕ್ಷಣ ಎಂದು ಸ್ಟೂಲಿನ ಮೇಲಿಂದಲೇ ಸಮಜಾಯಿಷಿ ಕೊಟ್ಟೆ. ಅಮ್ಮ ಗಡ್ಡವನ್ನು ಎತ್ತಿಕೊಂಡು ಸೆರಗಿನಲ್ಲಿ ಒರೆಸಿದಳು.

"ಅದು ಅವಳು ಸಂಪಾದಿಸಿದ ಗಡ್ಡ ಕಣೋ. ನಿಮ್ಮಪ್ಪ ಹೋದಾಗ ಬಂದೋರೆಲ್ಲ ನಿನ್ನ ಹತ್ರ ಮಾತಾಡೋರು, ನೀನೇ ಇನ್ಮೇಲೆ ಯಜಮಾನ ಅಂತ. ನಿಂಗೆ ಆಗ ಚಡ್ಡಿ ಗುಂಡಿ ಹಾಕ್ಕೊಳಕ್ಕೂ ಬರ್ತಿರ್ಲಿಲ್ಲ."

ವಾಣಿ ಗೋಂದು ತಂದುಕೊಟ್ಟಳು. ಮನೆ ನಡೆಸಿದ್ದು, ನನ್ನನ್ನು ಓದಿಸಿದ್ದು ಅಮ್ಮನೇ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ಮನೆಗೆ ಬರುವ ಮದುವೆ ಕರೆಯೋಲೆಗಳ ಮೇಲೆ ಇವತ್ತಿಗೂ ಇರುವುದು ನನ್ನ ಹೆಸರೇ. ಕೂತು ಗಡ್ಡ ಅಂಟಿಸಿದೆ. ಸ್ವಲ್ಪ ಎಡಕ್ಕೆ ವಾಲಿತು.

ಸಂಜೆ ಎದುರುಮನೆಯ ಲಲಿತಮ್ಮ ಬೊಂಬೆ ನೋಡಲು ಬಂದರು. ಅಮ್ಮ ಶೆಪ್ಪಮ್ಮನ ಕಥೆಯನ್ನು ನಿಧಾನವಾಗಿ ಹೇಳಿದಳು: ಅವಳು ಸತ್ತು ಎಷ್ಟೋ ವರ್ಷಗಳ ಮೇಲೆ ಅವಳ ಹೆಸರು ಕೆತ್ತಿ ತೆಗೆದದ್ದು, ವಿಗ್ರಹಗಳನ್ನು ಒಡೆದು ಹಳ್ಳಕ್ಕೆ ಎಸೆದದ್ದು, ಈಚಿನವರು ಅಗೆದು ಚೂರುಗಳನ್ನು ಜೋಡಿಸಿದ್ದು. ಅಂಥ ಪಾಪದ ಕೆಲಸ ಯಾರು ಮಾಡಿಸಿದರು ಎಂದು ಲಲಿತಮ್ಮ ಕೇಳಿದರು.

"ಮಗ" ಅಂದಳು ಅಮ್ಮ.

ಲಲಿತಮ್ಮ ಲೊಚಗುಟ್ಟಿ, ಹತ್ತಿರ ಹೋಗಿ ನೋಡಿ, "ಈ ಗಡ್ಡನೂ ಮುರಿದು ಅಂಟಿಸಿದ ಹಾಗಿದೆಯಲ್ಲಾ, ಇದನ್ಯಾರು ಮುರಿದಿದ್ದು?" ಎಂದರು.

ಅಮ್ಮ ಉಸಲಿಯ ದೊನ್ನೆ ಅವರ ಕೈಗಿಡುತ್ತ, "ಅದೂ ಮಗನೇ ಕಣಮ್ಮ" ಅಂದಳು.

ಲಲಿತಮ್ಮ ತಿರುಗಿ ನನ್ನನ್ನೇ ನೋಡಿದರು. ಸ್ಟೂಲು, ಮೊಣಕೈ, ಕಮಾನು ಎಂದು ನಾನು ಎಷ್ಟು ವಿವರಿಸಿದರೂ ಅವರ ದೃಷ್ಟಿ ಮೆತ್ತಗಾಗಲಿಲ್ಲ. ಆ ಇನ್ನೊಬ್ಬ ಮಗ ಯಾಕೆ ಒಡೆಸಿದನೆಂಬುದು ಪಂಡಿತರಿಗೂ ಖಚಿತವಿಲ್ಲವಂತೆ. ಬಹುಶಃ ಅವನದೂ ಎಲ್ಲೋ ಮೊಣಕೈ ತಾಗಿದ್ದೇ ಇರಬೇಕೆಂದು ನಾನು ಈಗ ಅವನ ಪರ ವಹಿಸುತ್ತೇನೆ. ಮನೆಯಲ್ಲಿ ಯಾರೂ ಒಪ್ಪುವುದಿಲ್ಲ.