ಮೂರು ತಾಲೂಕಿಗೆ ಒಂದು ಜ್ವರ, ಎರಡು ತಾಲೂಕಿಗೆ ಒಂದು ನಾಯಿ

ನಾನು ಮೂಡುಬಿದಿರೆ ಕಡೆಯ ಒಬ್ಬ ಆರೋಗ್ಯ ನಿರೀಕ್ಷಕ. ನಮ್ಮಲ್ಲಿ ಯಾರಿಗೆ ಏನು ಕಾಯಿಲೆ ಅಂತ ಪಕ್ಕದ ಬಂಟ್ವಾಳ, ಬೆಳ್ತಂಗಡಿಯವರಿಗೆ ತಿಳಿಸಬೇಕು, ಅವರದ್ದನ್ನು ನಾವು ತಿಳಿದುಕೊಳ್ಳಬೇಕು. ಕೇಳಲಿಕ್ಕೆ ಸುಲಭದ ಕೆಲಸ. ಆದರೆ ಏನಾದರೊಂದು ಫಜೀತಿ ಆಗದೆ ನಮಗೆ ವಾರ ಮುಗಿಯುವುದಿಲ್ಲ.

ತಪ್ಪಿದ ಗ್ರೂಪು

ಮೂರೂ ತಾಲೂಕಿನ ಸಿಬ್ಬಂದಿಗೆ ‘ಗಡಿ ಬಳಗ’ ಅಂತ ಒಂದು ವಾಟ್ಸಾಪ್ ಗ್ರೂಪು ಉಂಟು. ನಮ್ಮ ಕುಟುಂಬದ್ದು ‘ನಮ್ಮ ಬಳಗ’. ಒಂದು ದಿನ ಬಸ್ಸಿನಲ್ಲಿ ನೇತಾಡುತ್ತಾ ಒಂದೇ ಕೈಯಲ್ಲಿ ವರದಿ ಕಳಿಸಿದೆ: ‘ಇಂದು ಭೇದಿ: ಹನ್ನೊಂದು.’ ಹೋದದ್ದು ಕುಟುಂಬಕ್ಕೆ. ಅಳಿಸುವ ಮೊದಲೇ ದೊಡ್ಡಮ್ಮನ ಉತ್ತರ ಬಂತು: ‘ಹನ್ನೊಂದು ಸಲವಾ? ಬೊಂಡದ ನೀರು ಕುಡಿ ಮಗಾ!’ ಬಾವ ಕೈಮುಗಿಯುವ ಚಿತ್ರ ಹಾಕಿದರು. ಸಂಜೆ ಮನೆಗೆ ಬಂದರೆ ಜಗಲಿಯಲ್ಲಿ ಯಾರೋ ಇಟ್ಟುಹೋದ ಒಂದು ಗೊನೆ ಎಳನೀರು ಬೊಂಡ.

ಮರುದಿನ ಬೆಳಿಗ್ಗೆ ಚಿಕ್ಕಪ್ಪ ಕೇಳಿದ್ದರು: ‘ಇವತ್ತಿನದ್ದು ಎಷ್ಟಾಯ್ತು? ಇನ್ನೂ ಹಾಕಲಿಲ್ಲ?’

ನಮ್ಮ ರೋಗಿ

ನರಿಕೊಂಬಿನ ಒಬ್ಬರಿಗೆ ಡೆಂಗ್ಯೂ ಬಂತು. ಮನೆ ಬಂಟ್ವಾಳ ತಾಲೂಕು, ಕೆಲಸ ಬೆಳ್ತಂಗಡಿಯಲ್ಲಿ, ರಕ್ತಪರೀಕ್ಷೆ ಮಾಡಿಸಿದ್ದು ಮೂಡುಬಿದಿರೆಯಲ್ಲಿ. ನಾವು ಮೂವರು ನಿರೀಕ್ಷಕರೂ ಒಬ್ಬರಿಗೊಬ್ಬರು ಹೇಳದೆ ಅವರ ಹೆಸರು ಬರೆದುಕೊಂಡೆವು. ಮೂವರೂ ಒಂದೇ ದಿನ ಅವರ ಅಂಗಳದಲ್ಲಿ ಹಾಜರು!

“ಇವರು ನಮ್ಮ ರೋಗಿ.”

“ಅದು ಹೇಗೆ? ನಮ್ಮವರು!”

ಜಗಳ ಜೋರಾದಾಗ ರೋಗಿಯ ಹೆಂಡತಿ ಹೊರಗೆ ಬಂದರು. “ರೇಷನ್ ಕಾರ್ಡಿಗೆ ಅಲೆಯುವಾಗ ಇವರು ನಮ್ಮವರಲ್ಲ ಅಂತ ಎಲ್ಲಾ ಕಡೆ ಹೇಳಿದ್ರು ಮಾರಾಯ್ರೇ. ಜ್ವರ ಬಂದ ಮೇಲೆ ಇಷ್ಟು ಪ್ರೀತಿಯಾ?”

ನಿಗಾ

ಶಿರ್ತಾಡಿಯ ಒಬ್ಬ ಹಿರಿಯರು ನಾರಾವಿಗೆ ನೆಂಟರ ಮನೆಗೆ ಹೋದಾಗ ಆ ಮನೆಯ ನಾಯಿ ಕಚ್ಚಿತು. ಚುಚ್ಚುಮದ್ದು ಶುರುವಾಯಿತು. “ನಾಯಿಯನ್ನು ಹತ್ತು ದಿನ ನೋಡ್ತಾ ಇರಬೇಕು. ಅದು ಸತ್ತರೆ ಅಪಾಯ,” ಅಂತ ಅವರಿಗೆ ಬಿಡಿಸಿ ಹೇಳಿದೆ.

ನಾರಾವಿ ಬೆಳ್ತಂಗಡಿ ತಾಲೂಕು. ಅಲ್ಲಿನ ಆಶಾ ಕಾರ್ಯಕರ್ತೆಗೆ ದಿನಾ ಫೋನು ಮಾಡಿದೆ.

“ಅಕ್ಕಾ, ನಾಯಿ ಉಂಟಾ?”

“ಉಂಟು. ಊಟ ಮಾಡಿ ಮಲಗಿದೆ.”

ಐದು ದಿನ ಹೀಗೇ ನಡೆಯಿತು. ಆರನೇ ದಿನ, “ನಾಯಿ ಇಲ್ಲ ಸರ್.”

“ಸತ್ತಿತಾ?”

“ಗೊತ್ತಿಲ್ಲ ಸರ್. ಮನೆಯವರು ಬೆಳಿಗ್ಗೆಯಿಂದ ಹುಡುಕ್ತಾ ಇದ್ದಾರೆ.”

ಹಿರಿಯರಿಗೆ ಇದನ್ನು ಹೇಗೆ ಹೇಳುವುದು? ದಾರಿಯುದ್ದಕ್ಕೂ ಮಾತು ಜೋಡಿಸುತ್ತಾ ಬೈಕಿನಲ್ಲಿ ಶಿರ್ತಾಡಿಗೆ ಓಡಿದೆ. ಅವರು ಜಗಲಿಯಲ್ಲಿ ಕುರ್ಚಿ ಹಾಕಿ ಕೂತಿದ್ದರು. ಕಾಲಿಗೆ ಬ್ಯಾಂಡೇಜು. ಎದುರಿನ ಕಂಬಕ್ಕೆ ಕಟ್ಟಿದ್ದ ಒಂದು ಕಂದು ನಾಯಿ ಗಂಜಿ ನೆಕ್ಕುತ್ತಿತ್ತು.

“ಇದು ಯಾವ ನಾಯಿ?”

“ಅದೇ. ನಾರಾವಿಯದ್ದು.”

“ಮನೆಯವರಿಗೂ ಹೇಳದೆ ಇಲ್ಲಿಗೆ ಯಾಕೆ ತಂದ್ರಿ?”

ಹಿರಿಯರು ನಾಯಿಯ ಮೇಲಿಟ್ಟ ಕಣ್ಣು ತೆಗೆಯಲಿಲ್ಲ. “ಹತ್ತು ದಿನ ನೋಡ್ತಾ ಇರಿ ಅಂತ ನೀವೇ ಹೇಳಿದ್ದಲ್ವಾ? ದಿನಾ ನಾರಾವಿಗೆ ಹೋಗಿ ನೋಡಿ ಬರುವಷ್ಟರಲ್ಲಿ ಸೊಂಟ ಬಿದ್ದುಹೋಯ್ತು ಮಾರಾಯ್ರೇ!”