ಮುಧೋಳದ ಪಕ್ಕೆಲುಬಿಗೆ ಘಾಟ್ಕೋಪರಿನ ಥೇಪ್ಲಾ

ಮುಂಬಯಿಯ ಘಾಟ್ಕೋಪರಿನ ಬಿಲ್ಡಿಂಗಿನಲ್ಲಿ ಒಂದು ಮುಧೋಳ ನಾಯಿ ಸಾಕಿ ನೋಡಿ, ಬೇಜಾರು ಅನ್ನೋದು ನಿಮ್ಮನೆ ಕಡೆ ತಲೆ ಹಾಕಿ ಮಲಗೋದೂ ಇಲ್ಲ. ನಮ್ಮ ಚಿಗರಿ ಬಂದಾಗಿನಿಂದ ನಮ್ಮದು ಇದೇ ಕಥೆ.

ಲಿಫ್ಟಿನಲ್ಲಿ

ಮೊದಲ ದಿನವೇ ಕೆಳಗಿನ ಮನೆಯ ಗುಜರಾತಿ ಆಂಟಿ ಚಿಗರಿಯನ್ನು ಮೇಲಿಂದ ಕೆಳಗೆ ನೋಡಿದರು. "ಬೇಟಾ, ಇವಳಿಗೆ ಊಟ ಹಾಕಲ್ವಾ?"

"ಬೇಟೆನಾಯಿ ಆಂಟಿ. ಓಡೋ ಜಾತಿ ಇರೋದೇ ಹೀಗೆ. ಪಕ್ಕೆಲುಬು ಕಂಡ್ರೇನೇ ಆರೋಗ್ಯ."

ಆಂಟಿ ನಂಬಲಿಲ್ಲ. ಮಾರನೆಯ ದಿನ ನಮ್ಮ ಬಾಗಿಲಿಗೆ ತುಪ್ಪ ಸವರಿದ ನಾಲ್ಕು ಥೇಪ್ಲಾ, ಅಂದರೆ ಮೆಂತ್ಯದ ರೊಟ್ಟಿ, ಬಂತು. ಹೊರಗಿನವರು ಮುಟ್ಟಿದರೆ ಮೈ ಕೊಡವಿಕೊಂಡು ಹೋಗುವ ಚಿಗರಿ, ಥೇಪ್ಲಾ ವಿಷಯದಲ್ಲಿ ಮಾತ್ರ ಯಾವ ಬಿಗುಮಾನವನ್ನೂ ಇಟ್ಟುಕೊಳ್ಳಲಿಲ್ಲ.

ನೋಟಿಸು

ಆಂಟಿ ಸುಮ್ಮನಿರದೆ, ನಾನು ನಾಯಿಯನ್ನು ಉಪವಾಸ ಕೆಡವ್ತೀನಿ ಅಂತ ಸೊಸೈಟಿಯ ಸೆಕ್ರೆಟರಿಗೆ ಹೇಳಿದರು. ಸೆಕ್ರೆಟರಿ ಭಾರಿ ಆಳು, ಅವರಿಗಿಂತ ಮುಂಚೆ ಅವರ ಹೊಟ್ಟೆ ಲಿಫ್ಟಿನೊಳಗೆ ಬರುತ್ತಿತ್ತು. ನೋಟಿಸು ಕೊಟ್ಟೇಬಿಟ್ಟರು: ಒಂದು ತಿಂಗಳಲ್ಲಿ ನಾಯಿ ಮೈ ತುಂಬಿಕೊಳ್ಳದಿದ್ದರೆ ಬಿಲ್ಡಿಂಗಿನಿಂದ ಹೊರಗೆ. ಚಿಗರಿಯನ್ನು ಬಿಟ್ಟು ನಾನಿರಲಾರೆ.

ಸುದ್ದಿ ಹರಡಿ ಇಡೀ ಬಿಲ್ಡಿಂಗೇ ಅವಳಿಗೆ ತಿನ್ನಿಸಲು ನಿಂತಿತು. ವಾರದೊಳಗೆ ಪಕ್ಕೆಲುಬು ಮುಚ್ಚಿಹೋಯಿತು.

ಪರೇಲಿನ ಡಾಕ್ಟರು

ತೂಕ ನೋಡಿದ ನಾಯಿ ಡಾಕ್ಟರು ನನ್ನನ್ನೇ ಬೈದರು. "ಈ ಜಾತಿಗೆ ಬೊಜ್ಜು ಬಂದ್ರೆ ಕೀಲು ಹಾಳು. ಥೇಪ್ಲಾ ನಿಲ್ಲಿಸಿ, ದಿನಾ ಓಡಿಸಿ." ಅದನ್ನೇ ಚೀಟಿಯಲ್ಲಿ ಬರೆಸಿಕೊಂಡು ಬಂದೆ.

ಸೆಕ್ರೆಟರಿ ಚೀಟಿ ಓದಿ, "ನೀವು ಓಡಿಸ್ತೀರೋ, ಉಪವಾಸ ಕೆಡವ್ತೀರೋ, ನನಗೇನು ಗೊತ್ತು? ದಿನಾ ಬೆಳಿಗ್ಗೆ ನಾನೇ ಕರ್ಕೊಂಡು ಹೋಗ್ತೀನಿ" ಎಂದರು.

ಚಿಗರಿಯ ಹಗ್ಗವನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡರು ನೋಡಿ, ಅಲ್ಲೇ ಎಡವಟ್ಟಾಗಿದ್ದು. ಗೇಟಿನ ಹತ್ತಿರ ಬೆಕ್ಕೊಂದು ಬಾಲ ಅಲ್ಲಾಡಿಸಿತು. ಚಿಗರಿಯ ಕಣ್ಣಿಗೆ ಬಿದ್ದ ಮೇಲೆ ಮುಗೀತು. ಚಿಗರಿ ಮುಂದೆ, ಸೆಕ್ರೆಟರಿ ಹಿಂದೆ, ಕಂಪೌಂಡಿಗೆ ಮೂರು ಸುತ್ತು. ಹಟಮಾರಿ ಮನುಷ್ಯ, ಮಾರನೆಯ ದಿನವೂ ಬಂದರು. ನೋಟಿಸಿನ ಗಡುವಿನವರೆಗೂ ಬಂದರು.

ಮೀಟಿಂಗು

ತಿಂಗಳು ಮುಗಿದು ಮೀಟಿಂಗಿನ ದಿನ ಬಂತು. ಚಿಗರಿಯ ಪಕ್ಕೆಲುಬು ಮತ್ತೆ ಎಣಿಸುವ ಹಾಗೆ ಕಾಣುತ್ತಿತ್ತು. ಸೆಕ್ರೆಟರಿ ಒಂದು ಕೈಯಲ್ಲಿ ನೋಟಿಸು ಹಿಡಿದು ಎದ್ದರು. ಇನ್ನೊಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಳ್ಳಬೇಕಾಯಿತು.

ಆಂಟಿ ದಂಗಾದರು. "ಅರೇ, ಭಾಯಿ, ನಿಮ್ಮನೇಲಿ ಊಟ ಹಾಕಲ್ವಾ?"

ಸೆಕ್ರೆಟರಿ ಚಿಗರಿಯನ್ನು ನೋಡಿದರು. ನೋಟಿಸನ್ನು ನಾಲ್ಕು ಚೂರು ಮಾಡಿ ಜೇಬಿಗೆ ಹಾಕಿಕೊಂಡರು. "ಓಡೋ ಜಾತಿ ಇರೋದೇ ಹೀಗೆ, ಬೆಹೆನ್."

ನಾನು ಎದ್ದು ಕುಣಿಯೋದೊಂದು ಬಾಕಿ. ಆಂಟಿ ಮಾತ್ರ ಈ ಸಲವೂ ನಂಬಲಿಲ್ಲ. ಮಾರನೆಯ ದಿನ ಸೆಕ್ರೆಟರಿಯ ಬಾಗಿಲಿಗೆ ತುಪ್ಪ ಸವರಿದ ಎಂಟು ಥೇಪ್ಲಾ ಬಂತು.