ಕಪ್ಪಾದ ಬಾಟಲಿಗಳು

ಚಿತ್ತಾಪುರದಲ್ಲಿ ಕುಡಿಯುವ ನೀರು ಪರೀಕ್ಷೆ ಮಾಡುವುದು ನನ್ನ ನೌಕರಿ. ಔಷಧಿ ಹಾಕಿದ ಸಣ್ಣ ಬಾಟಲಿಗೆ ನೀರು ತುಂಬಿಸಿಡುತ್ತೇವೆ. ಕಪ್ಪಾದರೆ ನೀರು ಕೆಟ್ಟಿದೆಯೆಂಬ ಸಂಶಯ. ಪರೀಕ್ಷೆಯೂ ಆಗಾಗ ತಪ್ಪುತ್ತದೆ. ಅದಕ್ಕೆ ಮತ್ತೆ ಮತ್ತೆ ಮಾಡಿ, ಪ್ರತಿ ಫಲಿತಾಂಶಕ್ಕೂ ಸಂಶಯ ಎಷ್ಟು ಏರಿತು, ಎಷ್ಟು ಇಳಿಯಿತು ಅಂತ ಲೆಕ್ಕ ಹಾಕುತ್ತೇವೆ. ಲೆಕ್ಕ ಸುಲಭ. ಜನರಿಗೆ ತಿಳಿಸಿ ಹೇಳಲು ಹೋದಾಗಲೇ ಮಜಾ.

ಬೆಲ್ಲದ ಪರೀಕ್ಷೆ

ಚಿಂಚೋಳಿ ಕಡೆಯ ಅಜ್ಜಿಯೊಬ್ಬರು ತಮ್ಮ ಬಾವಿಯ ನೀರು ತಂದಿದ್ದರು.

"ಒಂದು ಸಲದ ಮಾತು ನಂಬಾಕ ಬರಂಗಿಲ್ಲವ್ವ, ಮೂರು ಸಲ ನೋಡ್ತೀವಿ. ಬಾವಿ ಸುತ್ತ ಏನದ ಅಂತನೂ ಕೇಳ್ತೀವಿ" ಅಂದೆ.

"ಅಷ್ಟೇ ಹೌದಲ್ಲ ಮಗಳ? ನಮ್ಮ ಮನಿಯವರಿಗೆ ಸಕ್ಕರಿ ಕಾಯಿಲಿ ಅದ. ಬೆಲ್ಲ ತಿಂದಿಲ್ಲ ಅಂತ ಮೂರು ಸಲ ಆಣಿ ಮಾಡ್ತಾರ. ನಾ ಮೀಸಿ ಮ್ಯಾಲಿನ ಇರುವಿ ನೋಡ್ತೀನಿ."

ನಾನು ಕಾಲೇಜಿನಲ್ಲಿ ಒಂದು ವರ್ಷ ಕಲಿತದ್ದನ್ನು ಅಜ್ಜಿ ಇರುವೆಯಿಂದ ಕಲಿತಿದ್ದರು.

ಬಹುಮತ

ವಾಡಿಯ ಕ್ವಾರ್ಟರ್ಸ್ ಒಂದರಲ್ಲಿ ಮಕ್ಕಳಿಗೆ ಹೊಟ್ಟೆ ಕೆಟ್ಟಿತ್ತು. ನಳದ ನೀರು ಮೂರು ಬಾಟಲಿಗೆ ತುಂಬಿಸಿದೆ. ಎರಡು ತಿಳಿಯಾಗಿ ಉಳಿದವು, ಒಂದು ಕಪ್ಪಾಯಿತು.

"ಎರಡಕ್ಕ ಒಂದು! ಬಹುಮತ ಬಂತು. ಕುಡೀತೀವ್ರಿ" ಅಂದರು ಮನೆಯ ಯಜಮಾನರು.

"ಬ್ಯಾಡ್ರಿ ಸರ್. ಪೈಪು ಗಟಾರದ ಬಾಜೂಕೇ ಹೋಗ್ಯಾದ. ಮಕ್ಕಳಿಗೆ ಆರಾಮಿಲ್ಲ. ಕೆಟ್ಟ ನೀರು ಒಮ್ಮೊಮ್ಮೆ ಪಾಸಾಗ್ತದ. ಒಳ್ಳೆ ನೀರು ಕಪ್ಪಾಗೋದು ಭಾಳ ಕಮ್ಮಿ. ಆ ಒಂದರ ಮಾತೇ ತೂಕದ್ದು."

ಅವರು ತಲೆ ಕೆರೆದುಕೊಂಡರು. "ಅಂದ್ರ ಡಿಪಾಜಿಟ್ ಕಳಕೊಂಡವನೇ ಗೆದ್ದಂಗಾತಲ್ರಿ ಮೇಡಂ!"

ನೆಲ ಅಗೆಸಿದರು. ಪೈಪು ಒಡೆದಿತ್ತು.

ಐದಕ್ಕೆ ಐದು

ಸೇಡಂ ಹತ್ತಿರದ ಊರಿನ ಹೊಸ ಬೋರಿನ ನೀರನ್ನು ಪಂಚಾಯಿತಿ ವಾಟರ್‌ಮ್ಯಾನ್ ನಾನು ಕೊಟ್ಟಿದ್ದ ಐದು ಖಾಲಿ ಬಾಟಲಿಯಲ್ಲಿ ತಂದುಕೊಟ್ಟ. ಅದನ್ನು ಔಷಧಿ ಬಾಟಲಿಗಳಿಗೆ ಸುರಿದಿಟ್ಟೆ. ಐದೂ ಕಪ್ಪು! ಐದು ಸಲ ಒಂದೇ ಉತ್ತರ ಬಂದ ಮೇಲೆ ಸಂಶಯವೆಲ್ಲಿ? ಬೋರಿಗೆ ಕೆಂಪು ಬಣ್ಣ ಬಳಿಸಿ ಬಂದ್ ಮಾಡಿಸಿದೆ. ಮರುದಿನ ಊರಿನ ಹೆಂಗಸರು ಖಾಲಿ ಕೊಡ ಹಿಡಿದು ಪ್ರಯೋಗಾಲಯದ ಬಾಗಿಲಿಗೇ ಬಂದರು. "ಒಂದು ಮೈಲಿ ದೂರದಿಂದ ನೀರು ಹೊರಲಾಕತ್ತೀವಿ. ನೀವೇ ಬಂದು ನೋಡ್ರಿ!"

ಹೋದೆ. ನನ್ನ ಕೈಯಾರೆ ಐದು ಹೊಸ ಬಾಟಲಿ ತುಂಬಿಸಿ ತಂದೆ. ಐದೂ ತಿಳಿ! ಮತ್ತೆ ಐದು ತುಂಬಿಸಿದೆ; ಅವೂ ತಿಳಿ. ಹೆಂಗಸರ ಕ್ಷಮೆ ಕೇಳಿ ಬೋರು ತೆರೆಸಿದೆ. ಆಮೇಲೆ ವಾಟರ್‌ಮ್ಯಾನ್‌ನನ್ನು ಕರೆದು, "ಅವತ್ತಿನ ಬಾಟ್ಲಿಯೊಳಗ ಏನು ಹಾಕಿದ್ದಿಪಾ?" ಅಂತ ಕೇಳಿದೆ.

ಅವನಿಗೆ ಭಾರೀ ನೋವಾಯಿತು. "ಏನೂ ಹಾಕಿಲ್ರಿ ಮೇಡಂ! ನೀವು ಕೊಟ್ಟ ಬಾಟ್ಲಿ ಮತ್ತೊಮ್ಮೆ ಸ್ವಚ್ಛ ತೊಳದೇ ತುಂಬಿಸೀನಿ. ಐದೂ."

"ಯಾವ ನೀರಾಗ ತೊಳದಿ?"

"ಎಮ್ಮಿ ತೊಟ್ಟಿ ನೀರಾಗ್ರಿ. ಬಾಟ್ಲಿ ತೊಳಿಲಾಕ ಅಷ್ಟು ಛಲೋ ಬೋರಿನ ನೀರು ಯಾಕ ಹಾಳ ಮಾಡಬೇಕ್ರಿ?"